ಸಹಾಯ ಬೇಕು: ಸ್ಪಿಂಡಲ್ ನಿಲ್ಲಿಸಿದರೆ ಪವರ್ ಸಪ್ಲೈ ಮಾಡ್ಯೂಲ್ ಟ್ರಿಪ್ ಆಗುತ್ತಿದೆ
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಚಿಕ್ಕ ಶಾಪ್, ಇರೋದು ಒಂದೇ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ) ಲೇತ್. ಮೂರು ದಿನದಿಂದ 3000 ಆರ್‌ಪಿಎಂನಲ್ಲಿರುವ ಸ್ಪಿಂಡಲ್ (ಜಾಬ್ ಹಿಡಿದು ತಿರುಗಿಸುವ ಭಾಗ) ನಿಲ್ಲಿಸಿದರೆ ಸಾಕು, ಡಿಸಿ ಬಸ್ (ಪವರ್ ಸಪ್ಲೈ ಮಾಡ್ಯೂಲ್‌ನಿಂದ ಡ್ರೈವ್‌ಗಳಿಗೆ ಹೋಗುವ ಡಿಸಿ ಲೈನ್) ಓವರ್‌ವೋಲ್ಟೇಜ್ ಅಲಾರಂ ಬಂದು, ಮೋಟಾರ್ ನಡೆಸುವ ಡ್ರೈವ್‌ಗಳೆಲ್ಲ ಒಟ್ಟಿಗೆ ಆಫ್ ಆಗುತ್ತವೆ. ಲೈನ್ 415 ವೋಲ್ಟ್ ಸರಿಯಾಗಿದೆ. ಸ್ಪಿಂಡಲ್ ಸುಮ್ನೆ ತಿರುಗುವಾಗ ಡಿಸಿ ಬಸ್ 585 ವೋಲ್ಟ್ ಹತ್ತಿರ ಇರುತ್ತದೆ, ನಿಲ್ಲಿಸಿದ ಕೂಡಲೇ 700 ದಾಟುತ್ತದೆ.

ನಿಲ್ಲುವಾಗ ಮೋಟಾರ್ ವಾಪಸ್ ಕಳಿಸುವ ಪವರ್ ಬ್ರೇಕ್ ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಹೋಗಬೇಕು ಅಲ್ವಾ? ಹತ್ತು ಸಲ ನಿಲ್ಲಿಸಿ, ಪವರ್ ತೆಗೆದು, ಕೆಪಾಸಿಟರ್ ಖಾಲಿಯಾಗಿದೆ ಅಂತ ಮೀಟರ್‌ನಲ್ಲಿ ನೋಡಿಕೊಂಡು ಮುಟ್ಟಿದರೆ ರೆಸಿಸ್ಟರ್ ತಣ್ಣಗೇ ಇತ್ತು. ಓಮ್ ಮಾತ್ರ ಸರಿ ತೋರಿಸುತ್ತಿದೆ. ಮಾಡ್ಯೂಲ್ ಒಳಗಿನ ಬ್ರೇಕ್ ಐಜಿಬಿಟಿ (ಆ ಪವರ್ ಅನ್ನು ರೆಸಿಸ್ಟರ್‌ಗೆ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಹೋಗಿದೆಯಾ, ಇಲ್ಲ ಅದನ್ನು ಆನ್ ಮಾಡುವ ಗೇಟ್ ಬೋರ್ಡಾ? ಸದ್ಯ ನಿಲ್ಲುವ ಸಮಯ ಜಾಸ್ತಿ ಮಾಡಿ ಕೆಲಸ ಸಾಗಿಸುತ್ತಿದ್ದೇನೆ. ಬೆಂಗಳೂರಲ್ಲಿ ಇಂಥ ಬೋರ್ಡ್ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.