ಹೊಸ ರೀಫ್ ಟ್ಯಾಂಕ್: ಪಿಎಚ್ 7.8 ದಾಟುತ್ತಿಲ್ಲ, ಕ್ಯಾಲ್ಸಿಯಂ ಕೂಡ ಕಡಿಮೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ 200 ಲೀಟರ್ ನೀರು ಹಿಡಿಯುವ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಆರಂಭಿಸಿ ಒಂಬತ್ತು ವಾರಗಳಾದವು. ಬೋರ್‌ವೆಲ್ ನೀರನ್ನು ಟಿಡಿಎಸ್ (ಕರಗಿದ ಘನವಸ್ತು) ಸೊನ್ನೆಯಾಗುವವರೆಗೆ ಆರ್‌ಒ ಮತ್ತು ಡಿಐ (ಅಯಾನು ತೆಗೆಯುವ) ಫಿಲ್ಟರುಗಳಲ್ಲಿ ಶೋಧಿಸಿ, ಅಕ್ವೇರಿಯಂಗೆಂದೇ ಮಾರುವ ಸಮುದ್ರ ಉಪ್ಪನ್ನು ಅದರಲ್ಲಿ ಕರಗಿಸಿದ್ದೇನೆ. ಅಮೋನಿಯಾ, ನೈಟ್ರೈಟ್ ಎರಡೂ ಐದನೆಯ ವಾರಕ್ಕೆ ಸೊನ್ನೆಗಿಳಿದವು. ನೈಟ್ರೇಟ್ 10 ಪಿಪಿಎಂ ಇದೆ. ಸದ್ಯಕ್ಕೆ ಇರುವುದು ಎರಡು ಕ್ಲೌನ್ ಮೀನು, ಒಂದು ಮಶ್ರೂಮ್ ಹವಳ.

ತೊಂದರೆ ಏನೆಂದರೆ, ಬೆಳಿಗ್ಗೆ ಅಳೆದಾಗಲೆಲ್ಲ ಪಿಎಚ್ 7.8 ದಾಟುತ್ತಿಲ್ಲ. ಅಂಗಡಿಯವರು ಹೇಳಿದಂತೆ ದಿನಕ್ಕೆ 6 ಗ್ರಾಂ ಅಡುಗೆ ಸೋಡಾವನ್ನು ಮೂರು ದಿನ ಹಾಕಿದೆ. ಪಿಎಚ್ ಕದಲಲಿಲ್ಲ, ಆಲ್ಕಲಿನಿಟಿ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ, ಡಿಕೆಎಚ್ ಅದರ ಅಳತೆ) ಮಾತ್ರ 7.5ರಿಂದ 10.4 ಡಿಕೆಎಚ್‌ಗೆ ಏರಿತು. ಕ್ಯಾಲ್ಸಿಯಂ 365, ಮೆಗ್ನೀಸಿಯಂ 1140 ಪಿಪಿಎಂ ಎಂದು ಕಿಟ್ ತೋರಿಸುತ್ತಿದೆ. ಕಡ್ಡಿ ಮೇಲೇಳುವ ಮಾದರಿಯ ಹೈಡ್ರೋಮೀಟರಿನಲ್ಲಿ ಲವಣಾಂಶ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಇದೆ. ಕ್ಯಾಲ್ಸಿಯಂ ಕ್ಲೋರೈಡ್ ತಂದಿಟ್ಟುಕೊಂಡಿದ್ದೇನೆ, ಹಾಕಬಹುದೇ?

ಉತ್ತರ 1

ಮೊದಲು ಸೋಡಾ ನಿಲ್ಲಿಸಿ. ಆಲ್ಕಲಿನಿಟಿಯನ್ನು ಬೇಗ ಏರಿಸಿದರೆ ಕ್ಯಾಲ್ಸಿಯಂ ಅದರೊಂದಿಗೆ ಕೂಡಿ ಕಾರ್ಬೊನೇಟ್ ಆಗಿ ಹೀಟರ್ ಮತ್ತು ಪಂಪಿನ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಇದನ್ನು ತಡೆಯುವುದು ಮೆಗ್ನೀಸಿಯಂ. ನಿಮ್ಮಲ್ಲಿ ಅದೂ ಕಡಿಮೆಯಿದೆ. ಆದ್ದರಿಂದ ಮೆಗ್ನೀಸಿಯಂ ಅನ್ನು 1300ರ ಸಮೀಪಕ್ಕೆ ತಂದು, ಆಮೇಲೆ ಕ್ಯಾಲ್ಸಿಯಂ ಹಾಕುವುದು ಒಳ್ಳೆಯದು.

ಉತ್ತರ 2

ಪಿಎಚ್ ಬಗ್ಗೆ ಮಾತ್ರ ಹೇಳುತ್ತೇನೆ. ಅಡುಗೆ ಸೋಡಾ ಪಿಎಚ್ ಏರಿಸುವ ವಸ್ತುವೇ ಅಲ್ಲ, ಅದು ಏರಿಸುವುದು ಆಲ್ಕಲಿನಿಟಿಯನ್ನು. ರಾತ್ರಿಯಿಡೀ ಕಿಟಕಿ ಮುಚ್ಚಿದ ಮನೆಯಲ್ಲಿ ನಾಲ್ಕು ಜನ ಮಲಗಿದ್ದರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ, ಅದು ನೀರಿನಲ್ಲಿ ಕರಗಿ, ಬೆಳಗಿನ ಹೊತ್ತಿಗೆ ಪಿಎಚ್ ಇಳಿದಿರುತ್ತದೆ. ಒಂದು ಲೋಟ ಟ್ಯಾಂಕಿನ ನೀರನ್ನು ಬಾಲ್ಕನಿಯಲ್ಲಿಟ್ಟು ಏರ್‌ಸ್ಟೋನ್‌ನಿಂದ ಒಂದು ಗಂಟೆ ಗುಳ್ಳೆ ಬಿಡಿ. ಪಿಎಚ್ ಏರಿದರೆ ತಪ್ಪು ನೀರಿನದಲ್ಲ, ಕೋಣೆಯ ಗಾಳಿಯದು. ಅಂದ ಹಾಗೆ, 7.8 ಎಂಬುದು ಗಾಬರಿಪಡುವ ಅಂಕಿಯೂ ಅಲ್ಲ.

ಉತ್ತರ 3

ಮೊದಲ ಉತ್ತರದ ಎಚ್ಚರಿಕೆ ಸಾಮಾನ್ಯವಾಗಿ ಸರಿಯೇ ಆದರೂ, ಇಲ್ಲಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಸುಮಾರು 1 ಡಿಕೆಎಚ್ ಏರುತ್ತದೆ. ನೀವು ಒಟ್ಟು 18 ಗ್ರಾಂ ಹಾಕಿದ್ದೀರಿ, 3 ಡಿಕೆಎಚ್ ಏರಬೇಕಿತ್ತು, 2.9 ಏರಿದೆ. ಅಂದರೆ ಹಾಕಿದ್ದೆಲ್ಲ ಹೆಚ್ಚುಕಡಿಮೆ ನೀರಿನಲ್ಲೇ ಇದೆ, ಪದರವಾಗಿ ಕೂತಿಲ್ಲ. ಅದೂ ಅಲ್ಲದೆ, 20 ಪಿಪಿಎಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೋದರೆ ಜೊತೆಗೆ 2.8 ಡಿಕೆಎಚ್ ಕೂಡ ಹೋಗಬೇಕು. ಮೆಗ್ನೀಸಿಯಂ ಹೀಗೆ ಇಷ್ಟೊಂದು ಇಳಿಯುವುದಿಲ್ಲ. ಮಶ್ರೂಮ್ ಹವಳಕ್ಕೆ ಸುಣ್ಣದ ಅಸ್ಥಿಯಿಲ್ಲವಾದ್ದರಿಂದ ಅದು ತಿಂದಿತು ಎನ್ನುವಂತೆಯೂ ಇಲ್ಲ.

ಈಗ ಇನ್ನೊಂದು ದಿಕ್ಕಿನಿಂದ ನೋಡಿ. 35 ಪಿಪಿಟಿ ಲವಣಾಂಶದ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ 410, ಮೆಗ್ನೀಸಿಯಂ 1290 ಪಿಪಿಎಂ ಆಸುಪಾಸಿನಲ್ಲಿರುತ್ತದೆ. ನಿಮ್ಮಲ್ಲಿ ಎರಡೂ ನೂರಕ್ಕೆ ಸುಮಾರು 11ರಷ್ಟೇ ಕಡಿಮೆಯಿವೆ. ಎರಡು ಬೇರೆ ಬೇರೆ ಧಾತುಗಳು ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿದ್ದರೆ ನನಗೆ ಅನುಮಾನ ಲವಣಾಂಶದ ಅಳತೆಯ ಮೇಲೆ. ನೀರು ನಿಜವಾಗಿ 31 ಪಿಪಿಟಿ ಇರಬೇಕು. ಆ ಮಾದರಿಯ ಹೈಡ್ರೋಮೀಟರಿನಲ್ಲಿ ಕಡ್ಡಿಗೆ ಗಾಳಿಗುಳ್ಳೆ ಅಂಟಿದರೆ ಅದು ಮೇಲೆದ್ದು ಹೆಚ್ಚು ತೋರಿಸುತ್ತದೆ. ರಿಫ್ರಾಕ್ಟೋಮೀಟರನ್ನು (ಬೆಳಕು ಬಾಗುವುದರಿಂದ ಲವಣಾಂಶ ಅಳೆಯುವ ಉಪಕರಣ) 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿ ಮತ್ತೆ ಅಳೆಯಿರಿ. ಬರಿಯ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, ಏಕೆಂದರೆ ನಮಗೆ ನಿಖರತೆ ಬೇಕಿರುವುದು 35ರ ಬಳಿ.

ಅನುಮಾನ ನಿಜವಾದರೆ ಕ್ಯಾಲ್ಸಿಯಂ ಡಬ್ಬಿ ಮುಚ್ಚಿಯೇ ಇರಲಿ. ದಿನಕ್ಕೆ ಆವಿಯಾಗುವ ನೀರು 3 ಲೀಟರ್ ಎಂದಿಟ್ಟುಕೊಂಡರೆ, ಸಿಹಿನೀರಿನ ಬದಲು 35 ಪಿಪಿಟಿ ಉಪ್ಪುನೀರನ್ನೇ ತುಂಬುತ್ತ ಹೋಗಿ. ದಿನಕ್ಕೆ ಅರ್ಧ ಪಿಪಿಟಿಯಂತೆ ಎಂಟು ದಿನಗಳಲ್ಲಿ ನಿಧಾನವಾಗಿ ಏರುತ್ತದೆ. 35 ಮುಟ್ಟಿದ ದಿನವೇ ಮತ್ತೆ ಸಿಹಿನೀರಿಗೆ ಮರಳುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು, ಹನ್ನೊಂದು ದಿನಗಳ ನಂತರ

ಪರಿಚಯದವರೊಬ್ಬರ ರಿಫ್ರಾಕ್ಟೋಮೀಟರ್ ತಂದು, ದ್ರಾವಣದಲ್ಲಿ ಸರಿಹೊಂದಿಸಿ ಅಳೆದೆ: ಸರಿಯಾಗಿ 31. ಹೈಡ್ರೋಮೀಟರನ್ನು ಬೆರಳಿನಿಂದ ತಟ್ಟಿದಾಗ ಸಣ್ಣ ಗುಳ್ಳೆಗಳು ಬಿಟ್ಟುಕೊಂಡು, ಕಡ್ಡಿ ಕಣ್ಣೆದುರೇ ಕೆಳಗಿಳಿಯಿತು. ಈಗ ಲವಣಾಂಶ 35, ಕ್ಯಾಲ್ಸಿಯಂ 410, ಮೆಗ್ನೀಸಿಯಂ 1280. ಆಲ್ಕಲಿನಿಟಿ 11.2 ಆಗಿದೆ, ಅದು ನೀರು ಬದಲಿಸುವಾಗ ತಾನಾಗಿ ಇಳಿಯಲೆಂದು ಬಿಟ್ಟಿದ್ದೇನೆ. ಬಾಲ್ಕನಿಯ ಲೋಟದಲ್ಲಿ ಪಿಎಚ್ 8.2ಕ್ಕೆ ಏರಿತು. ಅಂದಿನಿಂದ ರಾತ್ರಿ ಟ್ಯಾಂಕಿನ ಪಕ್ಕದ ಕಿಟಕಿಯನ್ನು ಒಂದು ಗೇಣು ತೆರೆದಿಡುತ್ತಿದ್ದೇವೆ, ಬೆಳಗಿನ ಪಿಎಚ್ 8.0 ಇದೆ. ಸೊಳ್ಳೆಪರದೆ ಹಾಕಿಸಬೇಕಾಗಿ ಬಂದದ್ದು ಬೇರೆ ಮಾತು.