ಫೋಟೋ ಕಳಿಸಿದರೆ ವೈರಸ್ ಹೋಗುತ್ತಾ? ಅಪ್ಪನಿಗೆ ಮಗಳ ಫೋಟೋ ನಿಲ್ಲಿಸಬೇಕಾ?

ಪುಟ್ಟಿಯಮ್ಮ:
ನನ್ನ ಮಗಳಿಗೆ ಹನ್ನೊಂದು ತಿಂಗಳು. ನನ್ನ ಅಪ್ಪ ದೂರದಲ್ಲಿದ್ದಾರೆ. ದಿನಾ ಸಂಜೆ ಅವಳ ಎರಡು ಮೂರು ಫೋಟೋ ಮೇಲ್ ಮಾಡುತ್ತೇನೆ. ಅವರು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ನೋಡುತ್ತಾರೆ. ಹೋದ ವಾರ ಪರಿಚಯದವರ ಹೆಸರಿನಲ್ಲಿ ಅವರಿಗೆ ಒಂದು ಮೇಲ್ ಬಂತು, "ಹಳೇ ಫೋಟೋ ಸಿಕ್ಕಿವೆ" ಅಂತ. ಜೊತೆಗೆ ಒಂದು ಜಿಪ್ ಫೈಲ್. ಅದರೊಳಗಿದ್ದ ಫೋಟೋವನ್ನು ಎಷ್ಟು ಸಲ ಒತ್ತಿದರೂ ಏನೂ ತೆರೆಯಲಿಲ್ಲವಂತೆ. ಮಾರನೇ ದಿನ ಅಪ್ಪನ ವಿಳಾಸದಿಂದ ನಮಗೆಲ್ಲ ಅದೇ ಮೇಲ್ ಬಂತು! ಈಗ ಭಾವ, "ಇನ್ಮೇಲೆ ಯಾರೂ ಫೋಟೋ ಕಳಿಸಬೇಡಿ, ಫೋಟೋದಲ್ಲೇ ವೈರಸ್ ಇರುತ್ತೆ" ಅನ್ನುತ್ತಾರೆ. ಅಪ್ಪ ಪಾಪ, ತನ್ನಿಂದಲೇ ಎಲ್ಲರಿಗೂ ತೊಂದರೆ ಆಯಿತು ಅಂತ ಮೇಲ್ ತೆರೆಯುವುದನ್ನೇ ಬಿಟ್ಟಿದ್ದಾರೆ. ನಿಜಕ್ಕೂ ನಿಲ್ಲಿಸಬೇಕಾ?

ರಿಪೇರಿಮೇಜು:
ನಿಲ್ಲಿಸಬೇಡಿ ಅಕ್ಕಾ. ಅಪ್ಪ ಒತ್ತಿದ್ದು ಫೋಟೋನೇ ಅಲ್ಲ, ಫೋಟೋ ವೇಷ ಹಾಕಿದ ಪ್ರೋಗ್ರಾಂ ಅನ್ನಿಸುತ್ತೆ. ನನ್ನ ಮೇಜಿಗೆ ಇಂಥ ಕಂಪ್ಯೂಟರ್ ಬರುತ್ತಲೇ ಇರುತ್ತವೆ. ಫೈಲ್ ಹೆಸರು ಕಾಣೋದು "ಐಎಂಜಿ_2217.ಜೆಪಿಜಿ" ಅಂತ. ಐಕಾನ್ ಕೂಡ ಫೋಟೋದ್ದೇ. ಆದರೆ ವಿಂಡೋಸ್ ತನಗೆ ಗೊತ್ತಿರುವ ಫೈಲ್‌ಗಳ ಹೆಸರಿನ ಕೊನೆಯ ತುಂಡನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ಮುಚ್ಚಿಡುತ್ತೆ. ಅದನ್ನು ತೋರಿಸು ಅಂದಾಗ ಗೊತ್ತಾಗುತ್ತೆ, ಪೂರ್ತಿ ಹೆಸರು "ಐಎಂಜಿ_2217.ಜೆಪಿಜಿ.ಇಎಕ್ಸ್ಇ". ಹಳೇ ಆಟ ಇದು. 2001ರ ಫೆಬ್ರವರಿಯಲ್ಲಿ ಟೆನಿಸ್ ಆಟಗಾರ್ತಿ ಅನ್ನಾ ಕೂರ್ನಿಕೋವಾ ಫೋಟೋ ಅಂತ ಮೇಲ್‌ನಲ್ಲಿ ಹರಡಿದ ವೈರಸ್ ಕೂಡ ಹೀಗೇ ಇತ್ತು, ಜೆಪಿಜಿ ಆದಮೇಲೆ ವಿಬಿಎಸ್ ಅಂತ ಬಾಲ.

ಫೈಲ್ ಎಕ್ಸ್‌ಪ್ಲೋರರ್ ತೆರೆದು 'ವ್ಯೂ'ನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿಸಿ. ಇಎಕ್ಸ್ಇ, ಎಸ್‌ಸಿಆರ್, ವಿಬಿಎಸ್ ಅಂತ ಕೊನೆಯಾದರೆ ಅದು ಫೋಟೋ ಅಲ್ಲ, ಪ್ರೋಗ್ರಾಂ, ಮುಟ್ಟಬಾರದು, ಸ್ವಂತ ಅಣ್ಣನೇ ಕಳಿಸಿದ್ದರೂ.

ಅದಕ್ಕಿಂತ ಮುಖ್ಯ, ಅಪ್ಪನ ಕಂಪ್ಯೂಟರನ್ನು ಈಗಲೇ ಇಂಟರ್ನೆಟ್‌ನಿಂದ ಬಿಡಿಸಿ. ಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್ ಅಥವಾ ಫೋನಿನಿಂದ ಬದಲಾಯಿಸಿ. ಅದೇ ಕಂಪ್ಯೂಟರಿನಲ್ಲಿ ಹೊಸ ಪಾಸ್‌ವರ್ಡ್ ಹೊಡೆದರೆ ಅದೂ ಕಳ್ಳರಿಗೆ ಸಿಗಬಹುದು. ಫೋಟೋಗಳನ್ನು ಒಂದು ಡಿಸ್ಕಿಗೆ ತೆಗೆದುಕೊಂಡು ವಿಂಡೋಸ್ ಹೊಸದಾಗಿ ಹಾಕಿಸುವುದು ಒಳ್ಳೆಯದು. ಬರೀ ಸ್ಕ್ಯಾನ್ ಮಾಡಿ ಬಿಟ್ಟರೆ ನನಗೆ ಸಮಾಧಾನ ಇಲ್ಲ.

ನಿಧಾನಗತಿ:
ಅಣ್ಣಾ ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ನಿಜವಾದ ಫೋಟೋದಿಂದ ಅಪಾಯ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಫೋಟೋ ಬಿಡಿಸಿ ತೋರಿಸುವ ಸಾಫ್ಟ್‌ವೇರಿನಲ್ಲಿ ತಪ್ಪಿದ್ದರೆ, ಬೇಕಂತಲೇ ಕೆಡಿಸಿ ಮಾಡಿದ ಫೋಟೋ ನೋಡಿದರೂ ಸಾಕು, ವೈರಸ್ ಒಳಗೆ ಬರಬಹುದು. 2004ರಲ್ಲಿ ವಿಂಡೋಸ್ ಜೆಪಿಜಿ ಓದುವ ಕಡೆ ಇಂಥ ತಪ್ಪು ಸಿಕ್ಕಿತ್ತು. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಅನ್ನೋ ಬಗೆಯ ಚಿತ್ರ ಬಿಡಿಸುವ ಕೋಡಿನಲ್ಲಿ ಸಿಕ್ಕಿತು, ಕ್ರೋಮ್, ಫೈರ್‌ಫಾಕ್ಸ್ ಎಲ್ಲ ಅವಸರದಲ್ಲಿ ಅಪ್‌ಡೇಟ್ ಕೊಟ್ಟವು. ಅಪ್ಪನ ಕಂಪ್ಯೂಟರ್ ಎಷ್ಟು ಹಳೇದು ಅಕ್ಕಾ? ಅಪ್‌ಡೇಟ್ ಬರೋದು ನಿಂತಿದ್ದರೆ ನನಗೆ ಅದೇ ದೊಡ್ಡ ಚಿಂತೆ.

ರಿಪೇರಿಮೇಜು:
ಹೌದು, ಅದನ್ನು ನಾನು ಹೇಳಬೇಕಿತ್ತು. ಅಕ್ಕಾ, ಇನ್ನೊಂದು ದಾರಿ ಇದೆ. ನಿಮ್ಮದೇ ಒಂದು ಆಲ್ಬಂ ಮಾಡಿ, ಲಿಂಕನ್ನು ನೀವೇ ಅಪ್ಪನ ಬ್ರೌಸರಿನಲ್ಲಿ ಉಳಿಸಿಕೊಡಿ. ಆಗ ಅವರು ಮೇಲ್‌ನಲ್ಲಿ ಬಂದದ್ದನ್ನು ಇಳಿಸಿಕೊಂಡು ತೆರೆಯುವ ಪ್ರಸಂಗವೇ ಬರಲ್ಲ. ಮಗುವಿನ ಫೋಟೋ ಅಲ್ವಾ, ಆಲ್ಬಂ ಮನೆಯವರಿಗೆ ಮಾತ್ರ ಕಾಣುವ ಹಾಗೆ ಇಡಿ. ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ, ಇಲ್ಲದಿದ್ದರೆ ಫೋಟೋ ತೆಗೆದ ಜಾಗ ಫೈಲಿನಲ್ಲೇ ಉಳಿದಿರಬಹುದು.

ಪುಟ್ಟಿಯಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫೋನಿನಲ್ಲೇ ಹೇಳುತ್ತಾ ಹೇಳುತ್ತಾ ಅಪ್ಪನ ಕೈಯಿಂದಲೇ ಆ ಎಕ್ಸ್‌ಟೆನ್ಷನ್ ಆನ್ ಮಾಡಿಸಿದೆ. ಒಂದೊಂದೇ ಅಕ್ಷರ ಓದಿದರು. ಕೊನೆಗೆ "ಇ... ಎಕ್ಸ್... ಇ" ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಪುಟ್ಟಿ ಫೋಟೋದ್ದು ತಪ್ಪಿಲ್ಲ ಅಲ್ವಾ?" ಅಂತ ಕೇಳಿದರು. ವೈರ್ ಕಿತ್ತಿಟ್ಟಿದ್ದಾರೆ. ವಿಂಡೋಸ್ ತುಂಬಾ ಹಳೇದು, ಭಾನುವಾರ ತಮ್ಮ ಹೋಗಿ ಹೊಸದು ಹಾಕಿಕೊಡುತ್ತಾನೆ. ಆಲ್ಬಂ ಇವತ್ತೇ ಮಾಡಿದೆ, ನಲವತ್ತು ಫೋಟೋ ಹಾಕಿದ್ದೇನೆ.