ನೈಟ್ ಶಿಫ್ಟಿನ್ಯಾಗ ಒಂದು ಅಲರ್ಟ್ ತಪ್ಪಿಸಿದೆ, ಅವತ್ತಿನಿಂದ ನಿದ್ದಿ ಇಲ್ಲ. ವಿಶ್ವಾಸದಿಂದ ಬಲ ತಗೊಂಡವ್ರು ಯಾರರ ಇದ್ದೀರೇನ್ರಿ?

ಕೇಶ್ವಾಪುರದ_ಹುಡುಗ:
ಎಲ್ಲಾರಿಗೂ ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಂವ, ಗೋಕುಲ ರೋಡ್ ಕಡೆ ಒಂದು ಕಂಪನಿಯ ಸೆಕ್ಯುರಿಟಿ ಮಾನಿಟರಿಂಗ್ ಟೀಮಿನ್ಯಾಗ ಎರಡು ವರ್ಷ ಆತು, ಬಹುತೇಕ ನೈಟ್ ಶಿಫ್ಟ್. ಹೋದ ತಿಂಗಳು ರಾತ್ರಿ ಮೂರೂವರಿ ಸುಮಾರಿಗೆ ಒಂದು ಕ್ಲೈಂಟ್ ಸರ್ವರಿನಿಂದ ಶ್ಯಾಡೋ ಕಾಪಿ (ವಿಂಡೋಸ್ ಇಟ್ಕೊಳ್ಳೋ ಫೈಲಿನ ಹಳೇ ಪ್ರತಿ) ಡಿಲೀಟ್ ಆತು ಅಂತ ಅಲರ್ಟ್ ಬಂತು. ಅದೇ ಅಲರ್ಟ್ ಅವರ ಬ್ಯಾಕಪ್ ಸಾಫ್ಟ್‌ವೇರಿನಿಂದ ದಿನಾ ರಾತ್ರಿ ಬರ್ತಿತ್ತು, ನಾ ದಿನಾ ಫಾಲ್ಸ್ ಪಾಸಿಟಿವ್, ಅಂದ್ರ ಸುಳ್ಳು ಎಚ್ಚರಿಕೆ ಅಂತ ಕ್ಲೋಸ್ ಮಾಡ್ತಿದ್ದೆ, ಅವತ್ತೂ ಮಾಡಿದೆ. ಮುಂಜಾನೆ ಶಿಫ್ಟ್ ಮುಗಿಯೋದ್ರೊಳಗ ಫೈಲ್ ಸರ್ವರಿನ್ಯಾಗ ಒಂದು ಫೈಲೂ ತೆರೀವಲ್ದು, ರಾನ್ಸಮ್‌ವೇರ್, ಫೈಲ್ ಲಾಕ್ ಮಾಡಿ ರೊಕ್ಕ ಕೇಳೋ ವೈರಸ್. ಅಲರ್ಟ್ ಕ್ಲೋಸ್ ಮಾಡಿದ್ದು ನಾನ ಅಂತ ನಾನ ಲೀಡ್‌ಗೆ ಫೋನ್ ಹಚ್ಚಿ ಹೇಳಿದೆ. ಪುಣ್ಯಾಕ್ಕ ಆಫ್‌ಲೈನ್ ಬ್ಯಾಕಪ್ ಇತ್ತು, ಮೂರು ದಿನದಾಗ ಎಲ್ಲಾ ವಾಪಸ್ ಬಂತು, ನೌಕ್ರಿನೂ ಉಳೀತು.

ಆದ್ರ ನಾ ಉಳದಿಲ್ಲ. ರಜಾ ಇದ್ದಾಗೂ ರಾತ್ರಿ ಎದ್ದು ಲ್ಯಾಪ್‌ಟಾಪ್ ತಗದು ಡ್ಯಾಶ್‌ಬೋರ್ಡ್ ನೋಡ್ತೀನಿ, ಅವ್ವ ಎದ್ದು ಬಂದು ಲೈಟ್ ಆರಿಸಿ ಹೋಗ್ತಾಳ, ನಾ ಮತ್ತ ಹಚ್ಚತೀನಿ. ಮೊನ್ನೆ ಭಾಳ ದಿನದ ಮ್ಯಾಲೆ ಚರ್ಚಿಗೆ ಹೋದ್ರ ಸಭಾಪಾಲಕರು ಯೇಸುನ್ನ ಹಿಡಕೊಂಡು ಹೋದ ರಾತ್ರಿಯ ಗೆತ್ಸೆಮನೆ ತೋಟದ ಭಾಗನ ತಗೊಂಡಿದ್ರು, ಶಿಷ್ಯರು ನಿದ್ದಿ ಹೋಗಿದ್ದು, ಒಂದು ಗಳಿಗಿನೂ ನನ್ನ ಜೋಡಿ ಎಚ್ಚರ ಇರಾಕ ಆಗಲಿಲ್ಲೇನು ಅಂತ ಯೇಸು ಪೇತ್ರನ್ನ ಕೇಳಿದ್ದು. ನನಗ ಕೇಳಿದಂಗ ಆತು. ಹಾಡು ಮುಗಿಯೂತನಾ ತಲಿ ಎತ್ತಲಿಲ್ಲ. ಈ ಫೀಲ್ಡಿನ್ಯಾಗ ಇದ್ದು ವಿಶ್ವಾಸನೂ ಹಿಡ್ಕೊಂಡವ್ರು ಇದ್ರ ಹೇಳ್ರಿ, ನೀವು ಹೆಂಗ ತಡಕೊಂಡ್ರಿ?

ಬೆಟಗೇರಿ_ಅಕ್ಕ:
ತಮ್ಮಾ, ಆ ವಚನ ಅಲ್ಲಿಗೇ ನಿಲ್ಲಂಗಿಲ್ಲ, ಮತ್ತಾಯ 26ರಾಗ ಮುಂದಿನ ಸಾಲು ಓದು. ಮನಸ್ಸು ಸಿದ್ಧ ಐತಿ, ದೇಹಕ್ಕ ಬಲ ಸಾಲದು ಅಂತಾನ. ಬೈದು ಕೈ ಬಿಡೋ ಮಾತಲ್ಲ ಅದು, ಅವರ ದೇಹ ಏನು ಅಂತ ಗೊತ್ತಿದ್ದಾಂವ ಆಡಿದ ಮಾತು. ರಾತ್ರಿ ಮೂರೂವರಿಗೆ ಮನಷಾನ ಕಣ್ಣು ಹೆಂಗಿರ್ತಾವ ಅಂತ ನಿನಗ ಯಾರೂ ಹೇಳಬೇಕಾಗಿಲ್ಲ.

ನಾ ಒಂದು ಬ್ಯಾಂಕಿನ ಐಟಿ ವಿಭಾಗದಾಗ ಇದ್ದಾಕಿ. 2017 ಮೇ 12, ಶುಕ್ರವಾರ ವಾನಾಕ್ರೈ ಅನ್ನೋ ರಾನ್ಸಮ್‌ವೇರ್ ಬಂತಲ್ಲ, ಅದು ಒಳಗ ಬರೋ ತೂತು ಮುಚ್ಚೋ ಪ್ಯಾಚ್ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕ ಬಿಟ್ಟಿತ್ತು, ಎರಡು ತಿಂಗಳು ಕೈಯಾಗಿತ್ತು, ನಮ್ಮಲ್ಲೆ ಭಾಳಷ್ಟು ಮಷೀನಿಗೆ ಹಾಕಿರಲಿಲ್ಲ. ಆ ಶನಿವಾರ ಭಾನುವಾರ ಎರಡೂ ದಿನ ಒಂದೊಂದು ಬ್ರಾಂಚಿಗೆ ಫೋನ್ ಹಚ್ಚಿ ನೆಟ್ ಕೇಬಲ್ ತಗೀರಿ ಮೊದಲ ಅಂತ ಹೇಳಿ ಹೇಳಿ ಗಂಟಲ ಬಿದ್ದು ಹೋತು. ನಮಗ ತಗಲಲಿಲ್ಲ ಖರೆ, ಆದ್ರ ಅದು ನನ್ನ ಶಾಣೇತನ ಅಲ್ಲ ಅಂತ ನನಗ ಗೊತ್ತೈತಿ.

ಅವತ್ತಿನಿಂದ ನಾ ಯೆರೂಸಲೇಮಿನ ಬಿದ್ದ ಗೋಡೆ ಮತ್ತ ಕಟ್ಟಿಸಿದ ನೆಹೆಮೀಯನ ಪುಸ್ತಕ ಬ್ಯಾರೆ ಥರಾನ ಓದಾಕ ಹತ್ತೀನಿ. ಎಲ್ಲಾರೂ ಹೇಳೋದು ಒಂದು ಕೈಯಾಗ ಕೆಲಸ ಒಂದು ಕೈಯಾಗ ಆಯುಧ ಅನ್ನೋದು. ಅದೇ 4ನೇ ಅಧ್ಯಾಯದಾಗ ಹೊರೋರ ಬಲ ಕುಂದೈತಿ, ಧೂಳು ಕಸ ಭಾಳ ಐತಿ, ಗೋಡೆ ಕಟ್ಟಾಕ ಆಗವಲ್ದು ಅಂತ ಜನ ಅಳತಾರ ನೋಡು, ಅದು ನಿನ್ನ ಅಲರ್ಟಿನ ಕಥಿನ. ನೆಹೆಮೀಯ ಅವರಿಗೆ ಇನ್ನೂ ಗಟ್ಟಿ ಆಗ್ರಿ ಅಂತ ಬರೇ ಮಾತು ಹೇಳಲಿಲ್ಲ, ಗೋಡೆ ಎಲ್ಲಿ ತಗ್ಗಿತ್ತೋ ಅಲ್ಲೆ ಮಂದಿನ್ನ ನಿಲ್ಲಿಸಿದ, ತುತ್ತೂರಿ ಊದಾಂವನ್ನ ತನ್ನ ಮಗ್ಗಲಾಗ ಇಟ್ಕೊಂಡ, ಯಾಕಂದ್ರ ಗೋಡೆ ಉದ್ದ, ಒಬ್ಬರಿಂದ ಒಬ್ಬರು ದೂರ ಇದ್ರು. ಊದಿದ ಕಡೆ ಎಲ್ಲಾರೂ ಕೂಡಬೇಕು. ನಿಮ್ಮ ಶಿಫ್ಟಿನ್ಯಾಗ ರಾತ್ರಿ ಎಷ್ಟು ಮಂದಿ ಇರ್ತೀರಿ? ಡೌಟ್ ಬಂದ್ರ ಯಾರಿಗೆ ಫೋನ್ ಹಚ್ಚಬೇಕು ಅಂತ ಐತೇನು? ಮತ್ತ ಆ ಗೋಡೆ 52 ದಿನಕ್ಕ ಮುಗೀತು. ಕಾವಲಿಗಂತ ಅವ್ರು ಅರಿವಿ ಬಿಚ್ಚದ ಮಲಗಿದ್ದು ಆ ದಿನಗಳ ಮಟ್ಟಿಗೆ, ಜೀವನಪೂರ್ತಿ ಅಲ್ಲ. ಮುಂದ 8ನೇ ಅಧ್ಯಾಯದಾಗ ಹೋಗಿ ಉಣ್ಣರಿ, ಇಲ್ಲದವ್ರಿಗೂ ಕಳಸ್ರಿ, ದುಃಖ ಪಡಬ್ಯಾಡ್ರಿ ಅಂತಾರ. ನೀ ಆ ಊಟಕ್ಕ ಇನ್ನೂ ಕುಂತಿಲ್ಲ.

ಧಾರವಾಡ_ಅಡ್ಮಿನ್:
ನಾ ಕ್ರಿಶ್ಚಿಯನ್ ಅಲ್ರಿ, ನಮ್ಮ ಮನ್ಯಾಗ ಶರಣರ ವಚನ ಓದ್ತಾರ, ಆದ್ರ ಧಾರವಾಡದಾಗ ಬಾಸೆಲ್ ಮಿಷನ್ ಸಾಲಿಯೊಳಗ ಕಲಿತಾಂವ, ಹಿಂಗಾಗಿ ಈ ಕಥಿ ಎಲ್ಲಾ ಕೇಳೀನಿ. ಅಕ್ಕಾರ ಹೇಳಿದ್ದು ಹೌದು, ಆದ್ರ ಒಂದು ಮಾತು ಹೇಳಲೇಬೇಕು. ಕ್ಷಮೆ ಸಿಕ್ಕಿತು ಅಂತ ಕಾರಣ ಹುಡುಕೋದು ಬಿಟ್ರ ಮುಂದಿನ ತಿಂಗಳು ಇನ್ನೊಬ್ಬ ಹುಡುಗ ಇದೇ ಹೊಂಡದಾಗ ಬೀಳ್ತಾನ. ದಿನಾ ಸುಳ್ಳು ಹೇಳೋ ಅಲರ್ಟನ್ನ ಹಂಗ ಬಿಟ್ಟಿದ್ದು ಯಾರು? ಆ ರೂಲ್ ಬದಲಿಸಬೇಕು. ಬ್ಯಾಕಪ್ ಸಾಫ್ಟ್‌ವೇರಿನ ಸ್ವಂತ ಅಕೌಂಟು, ಅದರದೇ ಪ್ರೋಸೆಸ್, ಅದರ ಟೈಮು, ಮೂರೂ ಕೂಡಿದ್ರ ಅಷ್ಟ ಸುಮ್ಮನ ಬಿಡಬೇಕು, ಒಂದು ತಪ್ಪಿದ್ರೂ ಕೆಂಪು ಆಗಿ ಮ್ಯಾಲೆ ಬರಬೇಕು. ರಾನ್ಸಮ್‌ವೇರ್ ಲಾಕ್ ಮಾಡೋಕಿಂತ ಮೊದಲ ಶ್ಯಾಡೋ ಕಾಪಿ ಅಳಿಸೋದು ಹಳೇ ಚಾಳಿ, ಅದನ್ನ ಬರೇ ನಿದ್ದಿಗೆಟ್ಟ ಹುಡುಗನ ಕಣ್ಣಿನ ಮ್ಯಾಲೆ ಬಿಡೋದು ತಪ್ಪು.

ಇನ್ನೊಂದು, ನೀವು ಮುಚ್ಚಿಡಲಿಲ್ಲ. ಸರ್ಟ್-ಇನ್ (ಸೈಬರ್ ದಾಳಿ ನೋಡ್ಕೊಳ್ಳೋ ಕೇಂದ್ರ ಸರಕಾರದ ಸಂಸ್ಥೆ) 2022 ಏಪ್ರಿಲ್‌ನಾಗ ಕೊಟ್ಟ ಆದೇಶದ ಪ್ರಕಾರ ಇಂಥಾ ದಾಳಿ ಗೊತ್ತಾದ 6 ತಾಸಿನ್ಯಾಗ ಅವ್ರಿಗೆ ತಿಳಸಬೇಕು. ಅಂಜಿ ಬಾಯಿ ಮುಚ್ಚಿಕೊಂಡವ್ರ ಕೈಯಾಗ ಆ 6 ತಾಸು ಕರಗಿ ಹೋಗಿದ್ದು ನಾ ಕಣ್ಣಾರೆ ನೋಡೀನಿ.

ಹಾವೇರಿ_ಸಭೆ:
ನಮ್ಮಪ್ಪಾರು ಸಭಾಪಾಲಕರು, ನಾ ನೆಟ್‌ವರ್ಕ್ ಕೆಲಸ ಮಾಡ್ತೀನಿ. ಎಲೀಯ ನೆನಪಾದ. ಅಷ್ಟು ದೊಡ್ಡ ಪ್ರವಾದಿ, ಜಾಲಿ ಗಿಡದ ಬುಡಕ್ಕ ಕುಂತು ಸಾಕಾತು ನನ್ನ ಜೀವಾ ತಗೋ ಅಂದ. ದೇವದೂತ ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿದ, ಕೆಂಡದ ಮ್ಯಾಲೆ ಸುಟ್ಟ ರೊಟ್ಟಿ, ಒಂದು ತಂಬಿಗಿ ನೀರು. ತಿಂದು ಮತ್ತ ಮಲಕೊಂಡ. ಎರಡನೇ ಸಲ ಎಬ್ಬಿಸಿ ಮತ್ತ ತಿನ್ನು, ಹಾದಿ ಭಾಳ ದೂರ ಐತಿ ಅಂದ. ನಾನೊಬ್ಬನ ಉಳದೀನಿ ಅಂತ ಅಂವ ಅಂದಾಗ ದೇವರು ಇನ್ನೂ 7000 ಮಂದಿ ಅದಾರ ಅಂದ. ನಿಮ್ಮವ್ವ ಲೈಟ್ ಆರಿಸಿದಾಗ ಮತ್ತ ಹಚ್ಚಬ್ಯಾಡ್ರಿ ಬ್ರದರ್. ಇದು ಒಂದು ತಿಂಗಳು ಹಿಂಗ ನಡದ್ರ ಡಾಕ್ಟರ್ ಕಡೆನೂ ಹೋಗ್ರಿ, ಪ್ರಾರ್ಥನಾ ಮಾಡ್ತೀನಿ ಅಂತ ಅದನ್ನ ಬಿಡಬ್ಯಾಡ್ರಿ.

ಕೀರ್ತನೆ 127 ಓದ್ರಿ, ದೇವರು ಊರು ಕಾಯದಿದ್ರ ಕಾವಲುಗಾರ ಎದ್ದಿದ್ದೂ ವ್ಯರ್ಥ ಅಂತೈತಿ. ಕಾವಲು ಬ್ಯಾಡ ಅಂತ ಅಲ್ಲ. ಕಾವಲುಗಾರ ಇದ್ದ ಇರ್ತಾನ, ಆದ್ರ ಊರು ನಿಂತಿದ್ದು ಅವನೊಬ್ಬನ ಮ್ಯಾಲಲ್ಲ. ಅದರ ಮುಂದಿನ ವಚನನ ನಿದ್ದಿದ್ದು.

ಕೇಶ್ವಾಪುರದ_ಹುಡುಗ:
ಅಕ್ಕಾರ, ರಾತ್ರಿ ಇಬ್ಬರು ಇರ್ತೀವ್ರಿ, ಅವತ್ತು ಇನ್ನೊಬ್ಬಾಂವ ರಜಾ ಇದ್ದ, ನಾ ಒಬ್ಬನ. ಇದನ್ನ ನಾ ರಿಪೋರ್ಟಿನ್ಯಾಗ ಬರದಿರಲಿಲ್ಲ, ನೆಪ ಹೇಳಿದಂಗ ಆಗ್ತದ ಅಂತ. ಇವತ್ತು ಬರದು ಲೀಡ್‌ಗೆ ಕಳಿಸೀನಿ. ಧಾರವಾಡ ಸರ್, ಆ ಬ್ಯಾಕಪ್ ಅಕೌಂಟು ಯಾವ ಟೈಮಿಗೆ ಓಡ್ತದ ಅಂತ ಹೆಂಗ ತಗೀಬೇಕ್ರಿ, ಕ್ಲೈಂಟ್ ಕಡೆ ಸರಿಯಾದ ಮಾಹಿತಿ ಇಲ್ಲ.

ಧಾರವಾಡ_ಅಡ್ಮಿನ್:
180 ದಿನದ ಲಾಗ್ (ಸಿಸ್ಟಮಿನ್ಯಾಗ ಏನೇನು ನಡೀತು ಅನ್ನೋ ದಾಖಲೆ) ಇಟ್ಟಿರಲೇಬೇಕಲ್ರಿ ಅವ್ರು, ಅದೇ ಸರ್ಟ್-ಇನ್ ಆದೇಶದಾಗ ಐತಿ. ಅದನ್ನ ತರಿಸ್ಕೊಂಡು ಹಳೇ ಅಲರ್ಟಿನ ಟೈಮಿಗೆ ಹೊಂದಿಸಿ ನೋಡ್ರಿ, ತಾನ ಕಾಣಸ್ತದ. ನಾಳೆ ಹಗಲಾಗ ಮಾಡ್ರಿ, ಇವತ್ತ ಮಲಕೋರಿ.

ಬೆಟಗೇರಿ_ಅಕ್ಕ:
ಭಾನುವಾರ ಶಿಫ್ಟ್ ಮುಗಿದ ಮ್ಯಾಲೆ ಆರಾಧನೆಗೆ ಹೋಗು ತಮ್ಮಾ. ಯೋಹಾನ 21 ಓದಿಕೊಂಡು ಹೋಗು, ಇದ್ದಿಲು ಬೆಂಕಿ ಮುಂದ ನಿಂತು ಯೇಸು ಗೊತ್ತಿಲ್ಲ ಅಂದಿದ್ದ ಪೇತ್ರ ಅಲ್ಲೆ ಮತ್ತ ಅಂಥಾ ಬೆಂಕಿ ಮುಂದ ಕುಂದರ್ತಾನ, ಈ ಸಲ ಅಲ್ಲೆ ಮೀನು ರೊಟ್ಟಿ ಇಟ್ಟಿರ್ತಾರ, ಯೇಸು ಮತ್ತ ಅವಂಗ ಕುರಿ ಕಾಯೋ ಕೆಲಸನ ಕೊಡ್ತಾರ.